ಹಾಸು ಹೂಡದೆ ಲಾಳಿ ಓಡದು

ಇಳಕಲ್ ಸೀರೆಗೆ ಗುರುತು ಕೊಡುವುದು ಅದರ ಸೆರಗು. ಒಡಲಿನ ಹಾಸಿನ ಎಳೆಗಳನ್ನು ಸೆರಗಿನ ಹಾಸಿನ ಎಳೆಗಳಿಗೆ ಕುಣಿಕೆ ಹಾಕಿ ಕೂಡಿಸುವ ವಿಧಾನಕ್ಕೆ ಅಲ್ಲಿಯ ನೇಕಾರರು ತೋಪತೆನಿ ಎನ್ನುತ್ತಾರೆ. ಈ ಕೂಡಿಕೆ ಇರುವುದರಿಂದ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧಮಾಡಬೇಕು. ಬೀದಿಯಲ್ಲಿ ಹೋಗುವವರಿಗೆ ಕೇಳಿಸುವುದು ಲಾಳಿಯ ಸದ್ದು ಮಾತ್ರ. ಆ ಸದ್ದು ಶುರುವಾಗುವ ಮೊದಲು ನೂಲು ಸುತ್ತುವುದು, ಹಾಸು ಹೂಡುವುದು, ಎಳೆಗೆ ಎಳೆ ಕೂಡಿಸುವುದು, ಬಿಗಿ ನೋಡುವುದು ಎಂದು ಬಹಳಷ್ಟು ಕೆಲಸ ಮುಗಿದಿರುತ್ತದೆ. ಲಾಳಿಯನ್ನು ಎಷ್ಟೇ ಚುರುಕುಗೊಳಿಸಿದರೂ ಹಾಸು ಹೂಡುವ ಹೊತ್ತು ಒಂದು ಗಳಿಗೆಯೂ ಕಡಿಮೆಯಾಗದು. ಬೆಳಿಗ್ಗೆ ಗುಂಡಿ ಒತ್ತಿದರೆ ನಿಧಾನವಾಗಿ ಏಳುವ ಲ್ಯಾಪ್‌ಟಾಪಿನ ವಿಷಯದಲ್ಲಿ ನಾವು ಮರೆಯುವುದು ಈ ಸರಳ ಸತ್ಯವನ್ನೇ.

ಇಳಕಲ್ಲಿನ ಸೀರೆ ಅಂಗಡಿಯ ಬಿಲ್ಲು, ಬಾದಾಮಿಯ ವಸತಿಗೃಹದ ಬುಕಿಂಗ್, ಹುನಗುಂದದ ಸೇವಾ ಕೇಂದ್ರದ ಅರ್ಜಿ, ಬಾಗಲಕೋಟೆಯ ವಿದ್ಯಾರ್ಥಿಯ ಪ್ರಾಜೆಕ್ಟ್ ಎಲ್ಲವೂ ಇಂದು ಒಂದು ಲ್ಯಾಪ್‌ಟಾಪಿನ ಮೇಲೆ ನಿಂತಿವೆ. ಅದು ಏಳಲು ಐದು ನಿಮಿಷ ತೆಗೆದುಕೊಂಡರೆ ಎದುರಿಗೆ ನಿಂತ ಗಿರಾಕಿಯೂ ಐದು ನಿಮಿಷ ಕಾಯಬೇಕು. ಇದಕ್ಕೆ ಊರೂರಿನಲ್ಲೂ ಸಿಗುವ ಸಲಹೆ ಒಂದೇ: ‘ಎಸ್‌ಎಸ್‌ಡಿ ಹಾಕಿಸಿಬಿಡಿ.’ ಹಳೆಯ ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ಅದು ಒಳ್ಳೆಯ ಸಲಹೆಯೇ. ತೊಂದರೆ ಬರುವುದು ಮುಂದಿನ ಹಂತದಲ್ಲಿ. ಎಸ್‌ಎಸ್‌ಡಿ ಇರುವ ಯಂತ್ರವೇ ಒಂದೆರಡು ವರ್ಷಗಳಲ್ಲಿ ಮತ್ತೆ ಮಂದವಾದಾಗ ‘ಎಸ್‌ಎಸ್‌ಡಿ ಕೆಟ್ಟಿದೆ, ಇನ್ನೂ ವೇಗದ್ದು ಹಾಕಿಸಿ’ ಅಥವಾ ‘ಫಾರ್ಮ್ಯಾಟ್ ಹೊಡೆಸಿ’ ಎಂಬ ತೀರ್ಪು ಪರೀಕ್ಷೆಯಿಲ್ಲದೆ ಬಂದುಬಿಡುತ್ತದೆ. ಈ ಲೇಖನದ ವಾದ ಇಷ್ಟೇ: ಲ್ಯಾಪ್‌ಟಾಪ್ ಏಳುವ ಹೊತ್ತು ಒಂದು ಬಿಡಿಭಾಗದ ಗುಣವಲ್ಲ, ಹಲವು ಹಂತಗಳ ಮೊತ್ತ. ಯಾವ ಹಂತದಲ್ಲಿ ಹೊತ್ತು ಹೋಗುತ್ತಿದೆ ಎಂದು ಅಳೆಯದೆ ಏನನ್ನು ಬದಲಿಸಿದರೂ ಅದು ಊಹೆಯ ಮೇಲೆ ಸುರಿದ ಹಣ. ಹಾಗೆ ಅಳೆಯುವುದಕ್ಕೆ ಇಂಜಿನಿಯರ್ ಆಗಬೇಕಿಲ್ಲ.

ಮೊದಲು ಎಸ್‌ಎಸ್‌ಡಿಯ ಸ್ವಭಾವ ತಿಳಿಯೋಣ. ಪಟ್ಟದಕಲ್ಲಿನ ದೇವಾಲಯಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು 1987ರಲ್ಲಿ. ಅದೇ ವರ್ಷ ಜಪಾನಿನ ತೋಷಿಬಾ ಕಂಪನಿಯ ಫುಜಿಯೊ ಮಸುವೊಕ ಮತ್ತು ಅವರ ಸಂಗಡಿಗರು ನ್ಯಾಂಡ್ ಫ್ಲ್ಯಾಶ್ ಎಂಬ ಹೊಸ ಬಗೆಯ ಸ್ಮೃತಿಯನ್ನು ಜಗತ್ತಿನ ಮುಂದಿಟ್ಟರು. ಇಂದಿನ ಪೆನ್‌ಡ್ರೈವ್, ಮೊಬೈಲ್, ಎಸ್‌ಎಸ್‌ಡಿ ಎಲ್ಲದರ ಒಳಗಿರುವುದು ಅದೇ. ಹಾರ್ಡ್ ಡಿಸ್ಕಿನಲ್ಲಿ ಒಂದು ತಟ್ಟೆ ತಿರುಗುತ್ತದೆ, ಒಂದು ಮುಳ್ಳು ಅದರ ಮೇಲೆ ಓಡಾಡಿ ಬೇಕಾದ ಜಾಗ ಹುಡುಕುತ್ತದೆ. ಒಂದು ಹುಡುಕಾಟಕ್ಕೆ ಸುಮಾರು ಹತ್ತು ಮಿಲಿಸೆಕೆಂಡ್ ಬೇಕು, ಅಂದರೆ ಸೆಕೆಂಡಿಗೆ ನೂರರ ಆಸುಪಾಸು ಹುಡುಕಾಟ. ವಿಂಡೋಸ್ ಏಳುವಾಗ ಸಾವಿರಾರು ಚಿಕ್ಕ ಚಿಕ್ಕ ತುಣುಕುಗಳನ್ನು ಬೇರೆ ಬೇರೆ ಜಾಗಗಳಿಂದ ಓದುತ್ತದೆ, ಆದ್ದರಿಂದಲೇ ಹಾರ್ಡ್ ಡಿಸ್ಕ್ ಯಂತ್ರ ಅಷ್ಟು ತಡವರಿಸುತ್ತದೆ. ಫ್ಲ್ಯಾಶ್‌ನಲ್ಲಿ ತಿರುಗುವ ತಟ್ಟೆಯಿಲ್ಲ, ಓಡಾಡುವ ಮುಳ್ಳಿಲ್ಲ. ಅದೇ ಹುಡುಕಾಟ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ, ಅದಕ್ಕಿಂತಲೂ ಬೇಗ ಮುಗಿಯುತ್ತದೆ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದ ದಿನ ಕಾಣುವ ಪವಾಡಕ್ಕೆ ಕಾರಣ ಈ ನೂರು ಪಟ್ಟು ಅಂತರ.

ಆದರೆ ಫ್ಲ್ಯಾಶ್‌ಗೂ ಒಂದು ಕಟ್ಟುಪಾಡಿದೆ. ಕಲ್ಲಿನ ಮೇಲೆ ಕೆತ್ತಿದ್ದನ್ನು ಅಳಿಸುವಂತಿಲ್ಲ. ಪಾಟಿಯ ಮೇಲೆ ಬರೆದದ್ದರಲ್ಲಿ ಬೇಕಾದ ಸಾಲನ್ನಷ್ಟೇ ಒರೆಸಬಹುದು. ಫ್ಲ್ಯಾಶ್ ಇವೆರಡರ ನಡುವಿನದು: ಬರೆಯುವಾಗ ಕೆಲವು ಕಿಲೋಬೈಟಿನ ಒಂದು ಪುಟ ಸಾಕು, ಅಳಿಸುವಾಗ ಮಾತ್ರ ನೂರಾರು ಪುಟಗಳ ಒಂದು ಇಡೀ ಬ್ಲಾಕನ್ನೇ ಅಳಿಸಬೇಕು. ಒಂದು ಪುಟ ತಿದ್ದಬೇಕಾದರೆ ಹೊಸದನ್ನು ಬೇರೆ ಖಾಲಿ ಜಾಗದಲ್ಲಿ ಬರೆದು, ಹಳೆಯದನ್ನು ರದ್ದಾಯಿತೆಂದು ಗುರುತು ಮಾಡಿ, ಬಿಡುವಾದಾಗ ಇನ್ನೂ ಬೇಕಾದ ಪುಟಗಳನ್ನು ಎತ್ತಿಟ್ಟುಕೊಂಡು ಆ ಬ್ಲಾಕನ್ನು ಒರೆಸಬೇಕಾಗುತ್ತದೆ. ಈ ಮನೆಗೆಲಸವನ್ನು ಎಸ್‌ಎಸ್‌ಡಿಯ ಒಳಗಿನ ಕಂಟ್ರೋಲರ್ ಎಂಬ ಚಿಪ್ ಸದ್ದಿಲ್ಲದೆ ಮಾಡುತ್ತಿರುತ್ತದೆ. ಮನೆ ಖಾಲಿಯಿದ್ದಾಗ ಇದು ಸುಲಭ. ಕಾಲಿಡಲೂ ಜಾಗವಿಲ್ಲದಂತೆ ಸಾಮಾನು ತುಂಬಿದ್ದರೆ ಒಂದನ್ನು ಇಡಲು ಮೂರನ್ನು ಸರಿಸಬೇಕು. ಡ್ರೈವ್ ತುಂಬುತ್ತಾ ಬಂದಂತೆ ಬರೆಯುವ ವೇಗ ಕುಸಿಯಲು ಕಾರಣ ಇದೇ. ಒಂದೇ ಕೋಶದಲ್ಲಿ ಮೂರು ನಾಲ್ಕು ಬಿಟ್ ತುರುಕುವ ಅಗ್ಗದ ಡ್ರೈವ್‌ಗಳು ಸ್ವಲ್ಪ ಜಾಗವನ್ನು ವೇಗದ ತಾತ್ಕಾಲಿಕ ಉಗ್ರಾಣವಾಗಿ ಬಳಸುತ್ತವೆ. ಖಾಲಿ ಜಾಗ ಕಡಿಮೆಯಾದರೆ ಆ ಉಗ್ರಾಣವೂ ಕುಗ್ಗುತ್ತದೆ. 256 ಜಿಬಿ ಡ್ರೈವಿನಲ್ಲಿ ಐದು ಜಿಬಿ ಉಳಿಸಿಕೊಂಡು ‘ಇನ್ನೂ ಜಾಗ ಇದೆಯಲ್ಲ’ ಎಂದು ಸಮಾಧಾನಪಡುವುದು ಸರಿಯಲ್ಲ. ನೂರಕ್ಕೆ ಹತ್ತರಿಂದ ಇಪ್ಪತ್ತು ಭಾಗ ಖಾಲಿ ಬಿಡುವುದು ಒಳ್ಳೆಯ ಪದ್ಧತಿ.

ಇಷ್ಟು ತಿಳಿದಮೇಲೆ ‘ಹಾಗಾದರೆ ತಪ್ಪು ಎಸ್‌ಎಸ್‌ಡಿಯದೇ ಅಲ್ಲವೇ’ ಎಂದು ಕೇಳಬಹುದು. ಇಲ್ಲಿ ಒಂದು ಸೂಕ್ಷ್ಮವಿದೆ. ಮೇಲೆ ಹೇಳಿದ ಕುಸಿತ ಮುಖ್ಯವಾಗಿ ಬರೆಯುವ ಕೆಲಸದಲ್ಲಿ. ಲ್ಯಾಪ್‌ಟಾಪ್ ಏಳುವಾಗ ಹೆಚ್ಚು ನಡೆಯುವುದು ಓದುವ ಕೆಲಸ. ಅಲ್ಲದೆ ಆ ಓದಿನಲ್ಲೂ ಪ್ರೊಸೆಸರ್ ಒಂದು ತುಣುಕು ತರಿಸಿ, ಅದನ್ನು ಬಿಚ್ಚಿ, ಬಿಡಿಭಾಗಗಳನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶವನ್ನು ಎಬ್ಬಿಸಿ, ಆಮೇಲೆ ಮುಂದಿನದನ್ನು ಕೇಳುತ್ತದೆ. ಡ್ರೈವ್ ಬಹುಪಾಲು ಹೊತ್ತು ಮುಂದಿನ ಕೋರಿಕೆಗಾಗಿ ಕಾಯುತ್ತಾ ಕುಳಿತಿರುತ್ತದೆ. ಸಾಟಾ ನಮೂನೆಯ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಎನ್‌ವಿಎಂಇ ನಮೂನೆಯದು 3500 ಎಂಬಿ ಓದಬಲ್ಲದು. ಪೆಟ್ಟಿಗೆಯ ಮೇಲಿನ ಸಂಖ್ಯೆಯಲ್ಲಿ ಆರು ಪಟ್ಟು ಅಂತರ. ಆದರೂ ಒಂದರ ಬದಲು ಇನ್ನೊಂದನ್ನು ಹಾಕಿದಾಗ ಏಳುವ ಹೊತ್ತಿನಲ್ಲಿ ಉಳಿಯುವುದು ಸಾಮಾನ್ಯವಾಗಿ ಕೆಲವೇ ಸೆಕೆಂಡು. ದೊಡ್ಡ ವಿಡಿಯೊ ನಕಲು ಮಾಡುವವರಿಗೆ ಆ ಆರು ಪಟ್ಟು ನಿಜ, ಬೆಳಿಗ್ಗೆ ಗುಂಡಿ ಒತ್ತುವವರಿಗೆ ಅಲ್ಲ.

ಇದರ ಹಿಂದಿರುವ ತತ್ತ್ವವನ್ನು ಅಮೆರಿಕದ ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್‌ಡಾಲ್ 1967ರಲ್ಲೇ ಮಂಡಿಸಿದ್ದರು. ಒಂದು ಕೆಲಸದ ಒಂದು ಭಾಗವನ್ನು ಎಷ್ಟೇ ವೇಗಗೊಳಿಸಿದರೂ, ಮುಟ್ಟದೆ ಉಳಿದ ಭಾಗ ಒಟ್ಟು ಲಾಭಕ್ಕೆ ಗಡಿ ಹಾಕುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಲ್ಯಾಪ್‌ಟಾಪ್ ಏಳಲು 90 ಸೆಕೆಂಡ್ ಬೇಕು ಎಂದುಕೊಳ್ಳೋಣ. ಅದರಲ್ಲಿ 20 ಸೆಕೆಂಡ್ ವಿಂಡೋಸಿಗೂ ಮೊದಲು ಯಂತ್ರವನ್ನು ಎಬ್ಬಿಸುವ ಬಯೋಸ್ ಎಂಬ ತಂತ್ರಾಂಶ ತೆಗೆದುಕೊಳ್ಳುತ್ತದೆ, 15 ಸೆಕೆಂಡ್ ಡ್ರೈವಿನಿಂದ ಓದಲು, ಉಳಿದ 55 ಸೆಕೆಂಡ್ ತಾನಾಗಿ ಎದ್ದುಕೊಳ್ಳುವ ಪ್ರೋಗ್ರಾಂಗಳಿಗೆ. ಹತ್ತು ಪಟ್ಟು ವೇಗದ ಡ್ರೈವ್ ತಂದರೆ 15 ಸೆಕೆಂಡ್ ಒಂದೂವರೆ ಆಗುತ್ತದೆ, ಒಟ್ಟು ಹೊತ್ತು ಇಳಿಯುವುದು ಎಪ್ಪತ್ತಾರೂವರೆಗೆ ಮಾತ್ರ. ಬೇಡದ ಪ್ರೋಗ್ರಾಂಗಳನ್ನು ನಿಲ್ಲಿಸಿ 55ನ್ನು 15ಕ್ಕೆ ಇಳಿಸಿದರೆ ಒಟ್ಟು 50 ಆಗುತ್ತದೆ, ಅದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ. ಹಾಸಿನ ಹೊತ್ತು ಲಾಳಿಯಿಂದ ಉಳಿಯದು ಎಂದು ಮಗ್ಗ ಹೇಳುವ ಮಾತಿನ ಗಣಿತರೂಪ ಇದು.

ಅಳೆಯುವುದು ಹೇಗೆ? ಮೊಬೈಲಿನ ಗಡಿಯಾರವೇ ಸಾಕು. ಮೂರು ಹೊತ್ತು ಬರೆದಿಟ್ಟುಕೊಳ್ಳಿ: ಗುಂಡಿ ಒತ್ತಿದಾಗಿನಿಂದ ತಿರುಗುವ ಚುಕ್ಕೆಗಳು ಕಾಣುವವರೆಗೆ, ಅಲ್ಲಿಂದ ಪಾಸ್‌ವರ್ಡ್ ಕೇಳುವವರೆಗೆ, ಪಾಸ್‌ವರ್ಡ್ ಕೊಟ್ಟಾಗಿನಿಂದ ನಿಜವಾಗಿ ಕೆಲಸ ಶುರುಮಾಡಲು ಆಗುವವರೆಗೆ. ಮೊದಲನೆಯದು ಉದ್ದವಾಗಿದ್ದರೆ ತೊಂದರೆ ವಿಂಡೋಸಿಗೂ ಮೊದಲೇ ಇದೆ. ಚುಚ್ಚಿಟ್ಟ ಪೆನ್‌ಡ್ರೈವ್, ನೆಟ್‌ವರ್ಕಿನಿಂದ ಏಳಲು ಹೋಗುವ ತಪ್ಪು ಕ್ರಮ, ಹಳೆಯ ಬಯೋಸ್, ಅಥವಾ ಎಸ್‌ಎಸ್‌ಡಿಯ ಜೊತೆಗೆ ಹಾಗೇ ಬಿಟ್ಟ, ಕೆಡುತ್ತಿರುವ ಹಳೆಯ ಹಾರ್ಡ್ ಡಿಸ್ಕಿನ ಉತ್ತರಕ್ಕಾಗಿ ಯಂತ್ರ ಕಾಯುತ್ತಿರಬಹುದು. ಎರಡನೆಯದು ಉದ್ದವಾಗಿದ್ದರೆ ಡ್ರೈವರ್, ಅರ್ಧಕ್ಕೆ ನಿಂತ ಅಪ್‌ಡೇಟ್ ಅಥವಾ ಡ್ರೈವನ್ನೇ ಅನುಮಾನಿಸಬೇಕು. ಮೂರನೆಯದು ಉದ್ದವಾಗಿದ್ದರೆ ತಾನಾಗಿ ಏಳುವ ಪ್ರೋಗ್ರಾಂಗಳತ್ತ ನೋಡಬೇಕು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರ ಸ್ಟಾರ್ಟಪ್ ಪುಟದಲ್ಲಿ ಯಾವ ಪ್ರೋಗ್ರಾಂ ಎಷ್ಟು ಭಾರ ಎಂದು ವಿಂಡೋಸ್ ತಾನೇ ಹೇಳುತ್ತದೆ. ಬಹಳಷ್ಟು ಯಂತ್ರಗಳಲ್ಲಿ ಬಯೋಸ್ ತೆಗೆದುಕೊಂಡ ಸೆಕೆಂಡುಗಳೂ ಅದೇ ಪುಟದ ಮೇಲ್ಭಾಗದಲ್ಲಿ ಕಾಣುತ್ತವೆ. ಮೀಟಿಂಗ್ ಆ್ಯಪ್, ಕ್ಲೌಡ್ ಸಂಗ್ರಹ, ಪ್ರಿಂಟರಿನ ಸಹಾಯಕ, ಆಟದ ಲಾಂಚರ್ ಎಲ್ಲವೂ ಅಲ್ಲಿ ಸಾಲಾಗಿ ಕುಳಿತಿರುತ್ತವೆ. ಅವನ್ನು ಅಳಿಸಬೇಕಿಲ್ಲ, ತಾನಾಗಿ ಏಳುವುದನ್ನು ನಿಲ್ಲಿಸಿದರೆ ಸಾಕು; ಬೇಕಾದಾಗ ನಾವೇ ತೆರೆಯಬಹುದು.

ಡ್ರೈವ್ ತಪ್ಪಿತಸ್ಥನೋ ಅಲ್ಲವೋ ಎಂಬುದಕ್ಕೂ ಅಲ್ಲೇ ಸಾಕ್ಷಿ ಇದೆ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕ್ ಆಯ್ದುಕೊಂಡರೆ, ಅದು ನೂರಕ್ಕೆ ಎಷ್ಟು ಹೊತ್ತು ಕೆಲಸದಲ್ಲಿದೆ, ಒಂದು ಕೋರಿಕೆಗೆ ಉತ್ತರಿಸಲು ಸರಾಸರಿ ಎಷ್ಟು ಮಿಲಿಸೆಕೆಂಡ್ ಹಿಡಿಯುತ್ತಿದೆ ಎಂಬುದು ಕಾಣುತ್ತದೆ. ಡ್ರೈವ್ ಪೂರ್ತಿ ನೂರರಲ್ಲಿ ನಿಂತಿದೆ, ಆದರೆ ಸೆಕೆಂಡಿಗೆ ಒಂದೆರಡು ಎಂಬಿ ಮಾತ್ರ ಸಾಗುತ್ತಿದೆ, ಉತ್ತರದ ಹೊತ್ತು ನೂರಾರು ಮಿಲಿಸೆಕೆಂಡ್ ಎಂದಾದರೆ ಡ್ರೈವಿನ ಮೇಲಿನ ಅನುಮಾನ ಗಟ್ಟಿಯಾಗುತ್ತದೆ. ಆಗ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಡ್ರೈವಿನ ಆರೋಗ್ಯ ವರದಿ ನೋಡಬಹುದು. ಎಷ್ಟು ಸವೆದಿದೆ, ಮೀಸಲು ಕೋಶಗಳು ಎಷ್ಟು ಉಳಿದಿವೆ, ದೋಷಗಳು ಎಷ್ಟು ದಾಖಲಾಗಿವೆ ಎಂಬುದನ್ನು ಡ್ರೈವೇ ಬರೆದಿಟ್ಟುಕೊಂಡಿರುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ ಮೆಮೊರಿ ತುಂಬಿ ತುಳುಕುತ್ತಿದ್ದರೆ ಕಥೆ ಬೇರೆ. 4 ಜಿಬಿ ರ್ಯಾಮ್‌ನಲ್ಲಿ ವಿಂಡೋಸ್ 11 ಓಡುತ್ತದೆ ಎಂದು ಮೈಕ್ರೋಸಾಫ್ಟ್ ಹೇಳುವುದು ಕನಿಷ್ಠ ಮಿತಿಯಾಗಿ. ಬ್ರೌಸರ್, ಲೆಕ್ಕದ ತಂತ್ರಾಂಶ, ವಾಟ್ಸ್‌ಆ್ಯಪ್ ಒಟ್ಟಿಗೆ ತೆರೆದರೆ ಜಾಗ ಸಾಲದೆ ವಿಂಡೋಸ್ ಎಸ್‌ಎಸ್‌ಡಿಯನ್ನೇ ರ್ಯಾಮ್‌ನಂತೆ ಬಳಸತೊಡಗುತ್ತದೆ. ಡ್ರೈವ್ ದುಡಿಯುತ್ತಿರುವುದು ಕಾಣುತ್ತದೆ, ಅದನ್ನು ದುಡಿಸುತ್ತಿರುವುದು ರ್ಯಾಮ್ ಕೊರತೆ. ಅಂಥ ಯಂತ್ರಕ್ಕೆ ಹೊಸ ಎಸ್‌ಎಸ್‌ಡಿಗಿಂತ ಇನ್ನೊಂದು ರ್ಯಾಮ್ ಕಡ್ಡಿಯೇ ಸರಿಯಾದ ಮದ್ದು.

ಇನ್ನೊಂದು ಸಾಮಾನ್ಯ ಗೊಂದಲ ‘ದಿನಾ ಆಫ್ ಮಾಡುತ್ತೇನೆ, ಆದರೂ ಹೀಗೆ’ ಎಂಬುದು. 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡು ಬಂದಿದೆ. ಶಟ್ ಡೌನ್ ಒತ್ತಿದಾಗ ವಿಂಡೋಸ್ ತನ್ನ ತಿರುಳಿನ ಸ್ಥಿತಿಯನ್ನು ಡ್ರೈವಿನಲ್ಲಿ ಬರೆದಿಟ್ಟು ಮಲಗುತ್ತದೆ, ಬೆಳಿಗ್ಗೆ ಅದನ್ನೇ ಮತ್ತೆ ಎತ್ತಿಕೊಳ್ಳುತ್ತದೆ. ಹಾರ್ಡ್ ಡಿಸ್ಕಿನ ಕಾಲದಲ್ಲಿ ಇದು ಬಹಳ ಹೊತ್ತು ಉಳಿಸಿತು. ಆದರೆ ಒಳಗೆ ಸಿಕ್ಕಿಹಾಕಿಕೊಂಡ ಯಾವುದಾದರೂ ಡ್ರೈವರ್ ಹಾಗೆಯೇ ಉಳಿದುಬಿಡುವುದೂ ಉಂಟು. ಟಾಸ್ಕ್ ಮ್ಯಾನೇಜರಿನ ಪ್ರೊಸೆಸರ್ ಪುಟದಲ್ಲಿ ‘ಅಪ್ ಟೈಮ್’ ನೋಡಿದರೆ, ನಿನ್ನೆ ರಾತ್ರಿ ಆಫ್ ಮಾಡಿದ ಯಂತ್ರ ಹತ್ತು ದಿನಗಳಿಂದ ಎದ್ದೇ ಇದೆ ಎಂದು ತೋರಿಸಬಹುದು. ಈ ಏರ್ಪಾಡು ಚಾಲೂ ಇದ್ದರೆ ಪೂರ್ತಿ ಹೊಸದಾಗಿ ಏಳುವುದು ಸಾಮಾನ್ಯವಾಗಿ ರೀಸ್ಟಾರ್ಟ್ ಕೊಟ್ಟಾಗ. ಆದ್ದರಿಂದ ಯಾವ ತಪಾಸಣೆಗೂ ಮೊದಲು ಒಮ್ಮೆ ರೀಸ್ಟಾರ್ಟ್ ಮಾಡಿ, ಆ ಹೊತ್ತನ್ನೂ ಅಳೆಯಬೇಕು. ಎರಡರ ನಡುವಿನ ವ್ಯತ್ಯಾಸವೇ ಒಂದು ಸುಳಿವು.

ನಮ್ಮ ಬಿಸಿಲಿನ ಪಾತ್ರವನ್ನೂ ಸಾಕ್ಷ್ಯದ ತಕ್ಕಡಿಯಲ್ಲೇ ತೂಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಬಾಗಲಕೋಟೆ ಸೀಮೆಯ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ. ಎನ್‌ವಿಎಂಇ ಎಸ್‌ಎಸ್‌ಡಿಗಳು ಸುಮಾರು 70ರಿಂದ 80 ಡಿಗ್ರಿ ದಾಟಿದಾಗ ತಮ್ಮನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸಿಕೊಳ್ಳುತ್ತವೆ, ಪ್ರೊಸೆಸರುಗಳೂ ಅಷ್ಟೆ. ಫ್ಯಾನಿಗೆ ದೂಳು ಕಟ್ಟಿದ, ಹಾಸಿಗೆಯ ಮೇಲಿಟ್ಟ ಲ್ಯಾಪ್‌ಟಾಪ್ ಮಧ್ಯಾಹ್ನ ಮದುವೆಯ ವಿಡಿಯೊ ನಕಲು ಮಾಡುವಾಗ ಮುಗ್ಗರಿಸಿದರೆ ಕಾರಣ ಬಿಸಿಯೇ ಇರಬಹುದು. ಆದರೆ ರಾತ್ರಿಯಿಡೀ ತಣ್ಣಗಿದ್ದ ಯಂತ್ರ ಬೆಳಿಗ್ಗೆ ಏಳಲು ತಡಮಾಡಿದರೆ ಆ ತಪ್ಪನ್ನು ಬಿಸಿಲಿನ ಮೇಲೆ ಹಾಕಲಾಗದು. ಬ್ಯಾಟರಿಯ ವಿಷಯ ಇದಕ್ಕಿಂತ ಗಂಭೀರ. ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ನೇರ ಚಾರ್ಜರಿನ ಮೇಲೆ ನಡೆಸುವವರು ಬಹಳ. ಕರೆಂಟ್ ಹೋದ ಕ್ಷಣ ಯಂತ್ರ ಸಾಯುತ್ತದೆ, ಬರೆಯುತ್ತಿದ್ದ ಕಡತ ಅರ್ಧಕ್ಕೆ ನಿಲ್ಲುತ್ತದೆ. ಮುಂದಿನ ಬಾರಿ ಏಳುವಾಗ ವಿಂಡೋಸ್ ಡ್ರೈವನ್ನು ತಪಾಸಣೆಗೆ ಒಳಪಡಿಸಬಹುದು, ಆ ಹೊತ್ತೂ ‘ಎಸ್‌ಎಸ್‌ಡಿ ನಿಧಾನ’ದ ಖಾತೆಗೆ ಜಮಾ ಆಗುತ್ತದೆ. ಹೊಸ ಡ್ರೈವ್ ಹಾಕಿದರೂ ಈ ಪೆಟ್ಟು ತಪ್ಪದು. ಅಲ್ಲಿ ಖರ್ಚು ಮಾಡಬೇಕಾದದ್ದು ಬ್ಯಾಟರಿಗೆ.

ಇಲ್ಲಿ ಒಂದು ಬಲವಾದ ಆಕ್ಷೇಪ ಬರುತ್ತದೆ: ‘ಇಷ್ಟೆಲ್ಲ ಯಾಕೆ? ಫಾರ್ಮ್ಯಾಟ್ ಮಾಡಿದರೆ ಎಲ್ಲ ಸರಿಹೋಗುತ್ತದಲ್ಲ!’ ಸರಿಹೋಗುತ್ತದೆ, ಬಹಳ ಸಲ. ಏಕೆಂದರೆ ಫಾರ್ಮ್ಯಾಟ್ ಒಂದೇ ಏಟಿಗೆ ತುಂಬಿದ ಡ್ರೈವನ್ನು ಖಾಲಿ ಮಾಡುತ್ತದೆ, ತಾನಾಗಿ ಏಳುವ ಪ್ರೋಗ್ರಾಂಗಳನ್ನು ಕಿತ್ತುಹಾಕುತ್ತದೆ, ಕೆಟ್ಟ ಡ್ರೈವರುಗಳನ್ನು ಅಳಿಸುತ್ತದೆ. ಆದರೆ ಇವುಗಳಲ್ಲಿ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ. ಹಳೆಯ ಪ್ರೋಗ್ರಾಂಗಳನ್ನೆಲ್ಲ ಮತ್ತೆ ತುಂಬಿದ ಮೇಲೆ ಆರು ತಿಂಗಳಲ್ಲಿ ಅದೇ ರೋಗ ಮರುಕಳಿಸುತ್ತದೆ. ಕೆಡುತ್ತಿರುವ ಡ್ರೈವಾದರೆ ಫಾರ್ಮ್ಯಾಟ್ ಮಾಡಿ ಕೆಲ ದಿನ ಚೆನ್ನಾಗಿ ಓಡಿದ್ದು ನೋಡಿ ಮೋಸಹೋಗಿ, ಎಲ್ಲವನ್ನೂ ಅದರಲ್ಲೇ ಇಟ್ಟು ಕಳೆದುಕೊಳ್ಳುವ ಅಪಾಯವಿದೆ. ಟ್ರಿಮ್ ಎಂಬ ಏರ್ಪಾಡು ಇರುವ ಡ್ರೈವಿನಲ್ಲಿ ಅಳಿಸಿದ ಕಡತವನ್ನು ಹಾರ್ಡ್ ಡಿಸ್ಕಿನಲ್ಲಿ ಹುಡುಕಿ ತೆಗೆದಂತೆ ಮರಳಿ ಪಡೆಯುವುದು ಬಹುತೇಕ ಅಸಾಧ್ಯ. ಅಳಿಸಿದ ಪುಟಗಳು ಯಾವುವೆಂದು ವಿಂಡೋಸ್ ಡ್ರೈವಿಗೆ ತಿಳಿಸಿ, ಡ್ರೈವ್ ಅವನ್ನು ಒರೆಸಿಬಿಡುವಂತೆ ಮಾಡುವುದೇ ಟ್ರಿಮ್‌ನ ಕೆಲಸ. ಡ್ರೈವಿನ ವೇಗ ಉಳಿಯಲು ಅದು ಬೇಕೇ ಬೇಕು. ಅಳಿಸಿದ್ದು ಮರಳಿ ಸಿಗದು ಎಂಬ ಕಾರಣಕ್ಕೇ ಫಾರ್ಮ್ಯಾಟ್ ಕೊನೆಯ ಮದ್ದಾಗಬೇಕೇ ಹೊರತು ಮೊದಲನೆಯದಲ್ಲ.

‘ಹಾಗಾದರೆ ವೇಗ ಹೆಚ್ಚಿಸುವ ಉಚಿತ ತಂತ್ರಾಂಶ ಹಾಕೋಣವೇ’ ಎಂದು ಕೇಳುವವರಿದ್ದಾರೆ. ಅವುಗಳಲ್ಲಿ ಹೆಚ್ಚಿನವು ತಾವೇ ಬೆಳಿಗ್ಗೆ ತಾನಾಗಿ ಏಳುವ ಸಾಲಿಗೆ ಸೇರುತ್ತವೆ. ಎರಡು ಆ್ಯಂಟಿವೈರಸ್ ಒಟ್ಟಿಗಿದ್ದರೆ ಒಂದು ಕಡತವನ್ನು ಇಬ್ಬರು ಕಾವಲುಗಾರರು ತಡೆದು ನೋಡಿದಂತೆ. ಹಾರ್ಡ್ ಡಿಸ್ಕಿಗೆ ಮಾಡುತ್ತಿದ್ದ ಡಿಫ್ರಾಗ್ ಎಂಬ ಜೋಡಣೆ ಕೆಲಸಕ್ಕೆ ಬೇರೆ ತಂತ್ರಾಂಶ ತರುವುದರಿಂದಲೂ ಎಸ್‌ಎಸ್‌ಡಿಗೆ ಲಾಭವಿಲ್ಲ, ಸವೆತ ಮಾತ್ರ. ವಿಂಡೋಸ್ 7ರಿಂದ ಈಚೆಗೆ ಟ್ರಿಮ್ ಇದೆ, ವಿಂಡೋಸಿನದೇ ಆಪ್ಟಿಮೈಸ್ ಡ್ರೈವ್ಸ್ ಪುಟದಲ್ಲಿ ಅದು ನಿಗದಿತವಾಗಿ ನಡೆಯುತ್ತಿದೆಯೇ ಎಂದು ನೋಡಿಕೊಂಡರೆ ಸಾಕು. ವೇಗಕ್ಕಾಗಿ ಭದ್ರತಾ ಅಪ್‌ಡೇಟ್ ನಿಲ್ಲಿಸುವುದಂತೂ ಕೂಡದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ಯಾಂಕಿನ ವ್ಯವಹಾರ, ಜನರ ಆಧಾರ್ ದಾಖಲೆ ಮುಟ್ಟುವ ಯಂತ್ರವನ್ನು ಕಾವಲಿಲ್ಲದೆ ಬಿಟ್ಟು ಗಳಿಸುವ ಹತ್ತು ಸೆಕೆಂಡಿಗೆ ಬೆಲೆಯಿಲ್ಲ.

ಹಾಗೆಂದು ಎಸ್‌ಎಸ್‌ಡಿಗಳು ಎಂದೂ ತಪ್ಪು ಮಾಡವು ಎಂದಲ್ಲ. ಆರೋಗ್ಯ ವರದಿಯಲ್ಲಿ ದೋಷಗಳು ಏರುತ್ತಿದ್ದರೆ, ಡ್ರೈವ್ ಆಗಾಗ ಕಾಣೆಯಾಗುತ್ತಿದ್ದರೆ, ಕಡತಗಳು ಓದಲಾಗದೆ ಕೆಡುತ್ತಿದ್ದರೆ ಬದಲಿಸುವುದರಲ್ಲಿ ತಡಮಾಡಬಾರದು. ಯಂತ್ರದಲ್ಲಿ ಇನ್ನೂ ಹಾರ್ಡ್ ಡಿಸ್ಕೇ ಇದ್ದರೆ, ಅಲ್ಲಿ ಎಸ್‌ಎಸ್‌ಡಿಗಿಂತ ದೊಡ್ಡ ಸುಧಾರಣೆ ಬೇರೆಯಿಲ್ಲ. ನನ್ನ ವಾದ ಬದಲಿಸಬೇಡಿ ಎಂದಲ್ಲ, ಸಾಕ್ಷಿ ನೋಡಿ ಬದಲಿಸಿ ಎಂದು. ಸಾಮಾನ್ಯರಿಗೆ ಇದು ಆಗದ ಮಾತು ಎನ್ನುವವರಿಗೆ ಉತ್ತರ ಈ ಸೀಮೆಯಲ್ಲೇ ಇದೆ. ಎಳೆಯ ಬಿಗಿಯನ್ನು ಬೆರಳಿನಲ್ಲೇ ಅರಿತು, ಬಟ್ಟೆಯಲ್ಲಿ ಕಂಡ ದೋಷ ಹಾಸಿನದೋ ಹೊಕ್ಕಿನದೋ ಎಂದು ಹೇಳಬಲ್ಲ ಜನ ಇಲ್ಲಿಯ ನೇಕಾರರು. ಮೂರು ಹೊತ್ತನ್ನು ಗಡಿಯಾರದಲ್ಲಿ ಬರೆದುಕೊಳ್ಳುವುದು ಅವರಿಗೆ ದೊಡ್ಡದಲ್ಲ. ಆ ಚೀಟಿ ಕೈಯಲ್ಲಿದ್ದರೆ ರಿಪೇರಿ ಅಂಗಡಿಯವರೂ ಊಹೆ ಬಿಟ್ಟು ಸರಿಯಾದ ಜಾಗಕ್ಕೆ ಕೈ ಹಾಕುತ್ತಾರೆ.

ಕೊನೆಯದಾಗಿ, ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸ: ಕಡತಗಳ ಇನ್ನೊಂದು ಪ್ರತಿ. ಪಟ್ಟದಕಲ್ಲಿನಲ್ಲಿ ಚಾಲುಕ್ಯ ದೊರೆ ಎರಡನೆಯ ಕೀರ್ತಿವರ್ಮನ ಕಾಲದ, ಕ್ರಿ.ಶ. 754ರ ಒಂದು ಶಾಸನ ಕಂಬವಿದೆ. ಅದರ ಒಕ್ಕಣೆಯನ್ನು ಉತ್ತರದ ಸಿದ್ಧಮಾತೃಕಾ ಲಿಪಿಯಲ್ಲೂ ದಕ್ಷಿಣದ ನಮ್ಮ ಹಳೆಯ ಲಿಪಿಯಲ್ಲೂ, ಹೀಗೆ ಎರಡು ಸಲ ಕೆತ್ತಲಾಗಿದೆ. ಕಲ್ಲಿನಲ್ಲಿ ಬರೆಸಿದವರೇ ಒಂದೇ ರೂಪವನ್ನು ನೆಚ್ಚಿಕೊಳ್ಳಲಿಲ್ಲ. ಫ್ಲ್ಯಾಶ್ ಕೋಶದಲ್ಲಿರುವುದು ಹಿಡಿದಿಟ್ಟ ಒಂದಿಷ್ಟು ವಿದ್ಯುತ್ ಕಣಗಳು. ಬರೆದು ಬರೆದು ಸವೆದ ಡ್ರೈವನ್ನು ಕರೆಂಟಿಲ್ಲದೆ ಪೆಟ್ಟಿಗೆಯಲ್ಲಿಟ್ಟರೆ, 30 ಡಿಗ್ರಿಯಲ್ಲಿ ಒಂದು ವರ್ಷ ಮಾಹಿತಿ ಹಿಡಿದಿಟ್ಟುಕೊಂಡರೆ ಸಾಕೆಂಬುದೇ ಉದ್ಯಮದ ಮಾನದಂಡ. ಆದ್ದರಿಂದ ಲೆಕ್ಕಪತ್ರ, ಮಕ್ಕಳ ಫೋಟೊ, ಸೀರೆಯ ವಿನ್ಯಾಸ, ಪ್ರಾಜೆಕ್ಟು ಏನೇ ಇರಲಿ, ಇನ್ನೊಂದು ಡ್ರೈವಿನಲ್ಲಿ ಒಂದು ಪ್ರತಿ ಮಾಡಿಡಿ. ಆಮೇಲೆ ಹೊತ್ತು ಅಳೆಯಿರಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಮತ್ತೆ ಅಳೆಯಿರಿ. ದುಡ್ಡು ಬಿಚ್ಚುವುದು ಇವೆಲ್ಲ ಆದ ಮೇಲೆ.